ಎರಡು ಸಲ ಕೊಡವುವವನು

ನನ್ನ ತಮ್ಮನಿಗೆ ಈಗ ಮೂವತ್ತಾರು. ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ. ಅಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಎಲ್ಲರ ಬಾಯಲ್ಲೂ ಅವನು ‘ಎರಡ್ಸಲ’. ವಾರ್ಡುಗಳಿಂದ ಮೂಟೆಗಟ್ಟಲೆ ಬರುವ ಹಾಸು, ಹೊದಿಕೆ, ಆಪರೇಷನ್ ಕೋಣೆಯ ಹಸಿರು ಬಟ್ಟೆ ಎಲ್ಲವನ್ನೂ ಮಷೀನಿಗೆ ಹಾಕುವ ಮೊದಲು ಬಿಡಿಸಿ ನೋಡುವುದು ಅವನ ಕೆಲಸ. ಮಿಕ್ಕವರು ಒಂದು ಸಲ ಕೊಡವಿದ ಶಾಸ್ತ್ರ ಮಾಡಿ ಎಸೆಯುತ್ತಿದ್ದರು. ಇವನು ಉದ್ದಕ್ಕೊಂದು ಸಲ, ಅಡ್ಡಕ್ಕೊಂದು ಸಲ ಕೊಡವಿ, ಅಂಚಿನ ಮಡಿಕೆಯಲ್ಲೆಲ್ಲ ಬೆರಳಾಡಿಸಿ, ಆಮೇಲೆಯೇ ಕೈಬಿಡುತ್ತಿದ್ದ. ಹಾಗೆ ಅವನ ಕೈಗೆ ಸಿಕ್ಕಿದ್ದು ನಲವತ್ತೊಂದು ಕನ್ನಡಕ, ಆರು ಕಟ್ಟುಹಲ್ಲಿನ ಸೆಟ್ಟು, ಲೆಕ್ಕವಿಲ್ಲದಷ್ಟು ಸೂಜಿ, ಕತ್ತರಿ. ಲೆಕ್ಕವಿಲ್ಲ ಅಂದದ್ದು ನಾನು. ಅವನಿಗೆ ಆ ಲೆಕ್ಕವೂ ಗೊತ್ತು. ಕಟ್ಟುಹಲ್ಲು ಸಿಕ್ಕ ದಿನ ಮಾತ್ರ ಮನೆಗೆ ನಗುತ್ತಾ ಬರುತ್ತಿದ್ದ. “ಅಕ್ಕ, ಇವತ್ತು ಯಾರೋ ಊಟ ಕುಡೀತಿದ್ದಾರೆ” ಎನ್ನುತ್ತಿದ್ದ.

ಅವನಿಗೆ ಆಟಿಸಂ ಎಂದು ಡಾಕ್ಟರು ಹೇಳುವ ಹೊತ್ತಿಗೆ ಇಪ್ಪತ್ತೊಂಬತ್ತಾಗಿತ್ತು. ಅಲ್ಲಿಯವರೆಗೆ ಊರಿಗೆಲ್ಲ ಅವನು ಮೊಂಡ, ಒರಟ, ಅರೆಮರುಳು. ಅಮ್ಮ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಎರಡು ದಿನ ದಿಂಬಿನಡಿ ಇಟ್ಟುಕೊಂಡು ಮಲಗಿದಳು. “ಹಾಗಾದ್ರೆ ನಾನು ಹೊಡೆದಿದ್ದೆಲ್ಲ ಸುಮ್ನೆ ಹೊಡೆದಿದ್ದು” ಎಂದು ಒಂದೇ ಮಾತು ಹೇಳಿದಳು. ಈಗ ಅವಳಿಲ್ಲ. ಮನೆಯಲ್ಲಿ ನಾವಿಬ್ಬರೇ. ನಾನು ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ನಿಂತು, ಬಂದವರ ಮೂಗಿನ ಮೇಲೆ ಫ್ರೇಮು ಕೂರಿಸುತ್ತೇನೆ. ಸಿಟ್ಟು ನನ್ನ ಮೂಗಿನ ಮೇಲೇ ಇರುತ್ತದೆ ಎಂದು ಅಂಗಡಿಯ ಯಜಮಾನರು ಆಡಿಕೊಳ್ಳುತ್ತಾರೆ. ಇರುತ್ತದೆ, ಏನೀಗ? “ನಿಮ್ಮ ತಮ್ಮನ್ನ ನೋಡಿದ್ರೆ ಹಾಗೇನೂ ಕಾಣಲ್ವಲ್ಲ” ಎಂದು ಒಬ್ಬೊಬ್ಬರೂ ಪ್ರಶಸ್ತಿ ಕೊಟ್ಟ ಹಾಗೆ ಹೇಳಿ ಹೋಗುವಾಗ ಮೈ ಉರಿಯದೆ ಇನ್ನೇನಾಗುತ್ತದೆ? ಕಾಣದೇ ಇರುವುದಕ್ಕೆ ಅವನು ದಿನವಿಡೀ ಎಷ್ಟು ಹೆಣಗುತ್ತಾನೆ ಎನ್ನುವುದು ಸಂಜೆ ಬಾಗಿಲು ಹಾಕಿಕೊಂಡ ಮೇಲೆ ನನಗೊಬ್ಬಳಿಗೆ ಕಾಣುತ್ತದೆ.

ಲಾಂಡ್ರಿಗೆ ಮೊದಲು ಅವನು ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕು ದಿನ, ಗೋದಾಮೊಂದರಲ್ಲಿ ಒಂದೂವರೆ ತಿಂಗಳು ಇದ್ದ. ಗೋದಾಮಿನವರು ಬಿಡಿಸಿದ ಮೇಲೆ ಹದಿನಾಲ್ಕು ತಿಂಗಳು ಕೋಣೆ ಬಿಟ್ಟು ಬರಲಿಲ್ಲ. ಊಟ ಅರ್ಧಕ್ಕಿಳಿಯಿತು, ಮಾತು ನಿಂತೇ ಹೋಯಿತು. ಗೋಡೆಗೆ ಹಣೆ ಚಚ್ಚಿಕೊಳ್ಳಲು ಶುರು ಮಾಡಿದ. ಅಮ್ಮ ಗೋಡೆಗೂ ಅವನ ಹಣೆಗೂ ನಡುವೆ ತನ್ನ ಅಂಗೈ ಇಟ್ಟುಕೊಂಡು ಕೂರುತ್ತಿದ್ದಳು. ಅವಳ ಬೆರಳ ಗೆಣ್ಣುಗಳು ಹಣ್ಣಾಗಿದ್ದವು. ಇದನ್ನೇಕೆ ಹೇಳುತ್ತಿದ್ದೇನೆಂದರೆ, ಲಾಂಡ್ರಿ ಅವನಿಗೆ ಬರೀ ಸಂಬಳವಾಗಿರಲಿಲ್ಲ. ಅದು ಹೋದರೆ ಇವನೂ ಹೋದ ಎಂದು ನನಗೆ ಗೊತ್ತಿತ್ತು. ಆ ಅಂಗೈ ಇಡಲು ಈಗ ಅಮ್ಮನೂ ಇಲ್ಲ.

ಈ ವರ್ಷ ಹೊಸ ಮ್ಯಾನೇಜರ್ ಬಂದರು. ಬಂದ ವಾರವೇ ಎಲ್ಲರನ್ನೂ ನಿಲ್ಲಿಸಿ, “ಒಂದೊಂದು ಮಷೀನಿಗೂ ಅರವತ್ತು ಕಿಲೋ ತುಂಬಿ, ಕೆಲಸ ಬೇಗ ಮುಗಿಯುತ್ತೆ” ಎಂದರಂತೆ. ಇವನು ಸದ್ದು ತಡೆಯಲು ಕಿವಿಗೆ ಹಾಕಿದ್ದ ದಪ್ಪ ಮುಚ್ಚಳ ತೆಗೆದು, “ಇಲ್ಲ. ಐವತ್ತು. ಮಷೀನಿನ ಬಾಗಿಲ ಮೇಲೆ ಬರೆದಿದೆ, ನೀವು ಓದಿಲ್ಲ” ಎಂದನಂತೆ. ಎಲ್ಲರೂ ಕಿಸಕ್ಕೆಂದರು. ಅದಾದ ಮೇಲೆ ಇನ್ನೆರಡು ಸಲ ಹೀಗೇ ಆಯಿತು. ಅವನು ಹೇಳಿದ್ದು ಮೂರು ಸಲವೂ ಸರಿ ಎನ್ನುವುದೇ ದೊಡ್ಡ ತೊಂದರೆ. ಮ್ಯಾನೇಜರ್ ನನ್ನನ್ನು ಕರೆಸಿದರು.

“ನೋಡಿ ಮೇಡಂ, ಎಲ್ಲರೆದುರು ಮರ್ಯಾದೆ ತೆಗೀತಾನೆ. ಇನ್ನೊಂದು ಸಲ ಎದುರು ಮಾತಾಡಿದ್ರೆ ಮನೇಲೇ ಇಟ್ಕೊಳ್ಳಿ.”

ಅವತ್ತು ಸಂಜೆಯಿಂದ ಪಾಠ ಶುರು. ಊಟದ ಮೇಜಿನ ಆ ಕಡೆ ನಾನು ಮ್ಯಾನೇಜರ್, ಈ ಕಡೆ ಅವನು.

“ನಿಧಾನ ಆಯ್ತು ನಿನ್ನ ಕೆಲಸ. ಬೇಗ ಮಾಡ್ತೀಯಾ?”

“ಬೇಗ ಮಾಡಿದ್ರೆ ಸೂಜಿ—”

“ಅಲ್ಲ! ಹೌದು ಸರ್. ಅಷ್ಟೇ. ಹೇಳು.”

“ಹೌದು ಸರ್.”

“ಯಾಕೆ ತಡ ಮಾಡಿದೆ?”

“ಹೌದು ಸರ್. ಅಕ್ಕ, ಯಾಕೆ ಅಂತ ಕೇಳಿದ್ರೆ ಹೌದು ಅನ್ನೋದು ಉತ್ತರ ಆಗಲ್ಲ.”

“ಆಗುತ್ತೆ. ಅವರಿಗೆ ಬೇಕಾಗಿರೋದು ಅದೊಂದೇ ಉತ್ತರ.”

ಅವನು ಬಟ್ಟಲನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿದ. “ಅವರು ಕೇಳಿದ್ದು ಸುಳ್ಳಾಗಿದ್ರೆ?”

“ಸುಳ್ಳಾಗಿದ್ರೂ ಹೌದು ಸರ್ ಅನ್ನು. ಎದುರಾಡಬೇಡ. ನಿನಗೆ ಕೆಲಸ ಬೇಕೋ ಬೇಡ್ವೋ?”

ಹನ್ನೆರಡು ಸಂಜೆ ಈ ಗಿಣಿಪಾಠ ನಡೆಯಿತು. ಅವನು ತಡವರಿಸಿದಾಗ ನಾನು ಮೇಜು ಕುಟ್ಟಿದೆ. ಒಂದು ಸಲ ಅವನು ಕಿವಿ ಮುಚ್ಚಿಕೊಂಡು ಮೇಜಿನಡಿ ಕೂತ. ಅಲ್ಲಿಗೂ ಬಗ್ಗಿ ಕೇಳಿದೆ, ಅಲ್ಲಿಂದಲೂ ಹೇಳಿಸಿದೆ. ಮೂರನೇ ವಾರ ಇಸ್ತ್ರಿಯಮ್ಮ ಫೋನ್ ಮಾಡಿದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹಿರಿಯ ಹೆಂಗಸು ಅವಳು, ಅಲ್ಲಿ ಇವನ ಪಕ್ಕ ಕೂತು ಬುತ್ತಿ ಬಿಚ್ಚುವವಳು ಅವಳೊಬ್ಬಳೇ. “ಏನು ಮಂತ್ರ ಹಾಕಿದೆ ತಂಗಿ? ಎರಡ್ಸಲ ಚಿನ್ನದಂಥ ಹುಡುಗ ಆಗಿಬಿಟ್ಟಿದ್ದಾನೆ” ಎಂದಳು. ನನಗೆ ಹೆಮ್ಮೆಯಾಯಿತು. ಸುಳ್ಳೇಕೆ ಹೇಳಲಿ, ತುಂಬಾ ಹೆಮ್ಮೆಯಾಯಿತು.

ಅದೇ ತಿಂಗಳ ಕೊನೆಯ ಗುರುವಾರ ಲಾಂಡ್ರಿಯ ದೊಡ್ಡ ಮಷೀನು ತಿರುಗುತ್ತಿದ್ದ ಹಾಗೆಯೇ ಕಿರುಚಿ ನಿಂತಿತು. ಹಸಿರು ಬಟ್ಟೆಯ ಮಡಿಕೆಯಲ್ಲಿ ಉಳಿದಿದ್ದ ಒಂದು ಆಪರೇಷನ್ ಕತ್ತರಿ ಡ್ರಮ್ಮಿಗೆ ಸಿಕ್ಕಿ, ಅದರ ಒಳಮೈಯನ್ನು ಸೀಳಿತ್ತು. ಎರಡು ದಿನ ಆಪರೇಷನ್‌ಗಳು ಮುಂದಕ್ಕೆ ಹೋದವು. ಮೇಲಿನವರು ಮ್ಯಾನೇಜರ್ ಕುತ್ತಿಗೆ ಹಿಡಿದರು. ಮ್ಯಾನೇಜರ್ ಇವನನ್ನು ಕರೆಸಿ, ಇಬ್ಬರು ಆಫೀಸರುಗಳ ಎದುರು ನಿಲ್ಲಿಸಿದರು.

ಅಲ್ಲಿ ಬರೆಸಿಕೊಂಡ ಹೇಳಿಕೆಯ ಕಾಗದವನ್ನು ಆಮೇಲೆ ನಾನು ಓದಿದೆ. ನಾಲ್ಕೇ ಪ್ರಶ್ನೆ. ಬಟ್ಟೆ ಪರೀಕ್ಷಿಸುವುದು ನಿನ್ನ ಕೆಲಸವೇ? ಹೌದು ಸರ್. ಆ ಲೋಡನ್ನು ನೀನೇ ನೋಡಿದೆಯಾ? ಹೌದು ಸರ್. ಕತ್ತರಿ ಇರುವುದು ಗೊತ್ತಾಗಿತ್ತೇ? ಹೌದು ಸರ್. ಗೊತ್ತಿದ್ದೂ ಹಾಗೇ ಬಿಟ್ಟೆಯಾ? ಹೌದು ಸರ್. ಕೆಳಗೆ ಅವನ ಸಹಿ, ಎಂದಿನಂತೆ ದುಂಡಗೆ, ಗೆರೆ ದಾಟದೆ.

ಇಸ್ತ್ರಿಯಮ್ಮ ಅಳುತ್ತಾ ಫೋನ್ ಮಾಡಿದಾಗ ನಾನು ಒಬ್ಬ ಮುದುಕರ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಸರಿಮಾಡುತ್ತಿದ್ದೆ. “ಅವನು ಆ ಹೊತ್ತಲ್ಲಿ ಅಲ್ಲಿರ್ಲೇ ಇಲ್ಲ ತಂಗಿ! ಮಧ್ಯಾಹ್ನದಿಂದ ಮಡಚೋ ಕಡೆ ಹಾಕಿದ್ರು. ಕೊಡವೋದೆಲ್ಲ ಬೇಡ, ಹಂಗೇ ತುಂಬ್ರಿ ಅಂತ ಮ್ಯಾನೇಜರ್ರೇ ನಿಂತು ತುಂಬಿಸಿದ್ದು. ನನ್ನ ಕಣ್ಣಾರೆ ನೋಡಿದೀನಿ.”

“ಹಾಗಂತ ಬಂದು ಹೇಳ್ತೀರಾ?”

“ನನ್ನ ಕೆಲಸಾನೂ ಹೋಗುತ್ತೆ ತಂಗಿ. ನಂದೂ ಹೊಟ್ಟೆಪಾಡು.” ಅವಳನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವನನ್ನು ಕರೆದುಕೊಂಡು ಮ್ಯಾನೇಜರ್ ಕೋಣೆಗೆ ನುಗ್ಗಿದೆ. ಮೇಲಿನ ಆಫೀಸರೊಬ್ಬರೂ ಅಲ್ಲೇ ಕೂತಿದ್ದರು, ಕಣ್ಣಡಿ ಕಪ್ಪಾಗಿದ್ದ, ನಿದ್ದೆಗೆಟ್ಟ ಮನುಷ್ಯ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಾಠ ಹೇಳಿಕೊಟ್ಟವಳು ನಾನೇ ಎಂದೆ. ಅವನು ಅವತ್ತು ಮಡಚುವ ಕಡೆ ಇದ್ದ ಎಂದೆ. ಮ್ಯಾನೇಜರ್ ಕಿಟಕಿಯ ಕಡೆ ನೋಡುತ್ತಾ, “ಒಪ್ಕೊಂಡಿದ್ದಾನಲ್ಲ, ಸಹಿ ಇದೆಯಲ್ಲ” ಎಂದರು. ನನ್ನ ತಾಳ್ಮೆಯ ಕಟ್ಟೆ ಒಡೆಯಿತು.

“ಸರ್, ನೀವೇ ಕೇಳಿ. ನಿನ್ನೆ ಈ ಆಸ್ಪತ್ರೆಗೆ ಬೆಂಕಿ ಹಚ್ಚಿದೆಯಾ ಅಂತ ಕೇಳಿ.”

ಆಫೀಸರ್ ಅರೆಮನಸ್ಸಿನಿಂದ ಅವನ ಕಡೆ ತಿರುಗಿದರು. “ಏನಪ್ಪಾ, ನಿನ್ನೆ ಆಸ್ಪತ್ರೆಗೆ ಬೆಂಕಿ ಹಚ್ಚಿದೆಯಾ?”

ಅವನು ಪರದೆಯ ಅಂಚನ್ನು ಬೆರಳಲ್ಲಿ ಸವರುತ್ತಿದ್ದ. “ಹೌದು ಸರ್.”

ಆಫೀಸರಿಗೆ ನಗು ಬಂತು. ಮರುಕ್ಷಣ ಹೋಯಿತು. ಕಾಗದವನ್ನು ಇನ್ನೊಮ್ಮೆ ಓದಿದರು. ನನಗೆ ಹೋದ ಜೀವ ಬಂದ ಹಾಗಾಯಿತು, ಗೆದ್ದೆ ಅಂದುಕೊಂಡೆ.

“ಮೇಡಂ, ನೀವು ಹೇಳೋದು ನಂಬ್ತೀನಿ” ಎಂದರು ಅವರು. “ಕತ್ತರಿ ವಿಷಯ ಅವನ ತಲೆಗೆ ಕಟ್ಟಲ್ಲ, ಆ ಕಾಗದ ಹರಿದುಹಾಕ್ತೀನಿ. ಆದ್ರೆ ನೀವೇ ಯೋಚನೆ ಮಾಡಿ. ಈ ಬಟ್ಟೆ ನೋಡಿದೆಯಾ ಅಂತ ನಾಳೆ ಕೇಳ್ತೀವಿ. ಹೌದು ಅಂತಾನೆ. ನೋಡಿದ್ದಾನೋ ಇಲ್ವೋ ನಮಗೆ ಹೇಗೆ ಗೊತ್ತಾಗ್ಬೇಕು? ಸೂಜಿ ಇರೋ ಬಟ್ಟೆ ಒಬ್ಬ ರೋಗಿ ಮೈಮೇಲೆ ಹೋಗುತ್ತೆ. ಇವನನ್ನ ಇಟ್ಕೊಳ್ಳೋಕಾಗಲ್ಲ.”

ನಾನು ಗೋಗರೆದೆ. ಎಂದೂ ಯಾರ ಮುಂದೆಯೂ ತಲೆ ತಗ್ಗಿಸದವಳು ಕೈಮುಗಿದೆ. ಒಂದು ತಿಂಗಳು ಕೊಡಿ, ಸಂಬಳ ಬೇಡ, ಕಲಿಸಿದ್ದನ್ನು ಮರೆಸುತ್ತೇನೆ ಎಂದೆ. ನೂರು ಕಿಲೋ ಬಟ್ಟೆಯಲ್ಲಿ ಒಂದು ಗುಂಡುಪಿನ್ನು ಬಚ್ಚಿಟ್ಟು ಕೊಡಿ, ಹುಡುಕದಿದ್ದರೆ ಕೇಳಿ ಎಂದೆ. ಆಫೀಸರ್ ಕಣ್ಣು ಒರೆಸಿಕೊಂಡರು. ನಿದ್ದೆಗೋ ಮರುಕಕ್ಕೋ ತಿಳಿಯಲಿಲ್ಲ. ಮ್ಯಾನೇಜರ್ ಮುಖದಲ್ಲಿ ಮಾತ್ರ ಬೀಸೋ ದೊಣ್ಣೆ ತಪ್ಪಿದ ನೆಮ್ಮದಿ ಎದ್ದು ಕಾಣುತ್ತಿತ್ತು. ತನ್ನ ತಪ್ಪನ್ನು ಇನ್ನು ಯಾರೂ ಕೇಳುವುದಿಲ್ಲ ಎಂದು ಆ ಮನುಷ್ಯನಿಗೆ ಗೊತ್ತಾಗಿತ್ತು.

ಹೊರಗೆ ಬಂದಾಗ ಗಂಟೆ ಹತ್ತೂ ನಲವತ್ತು. ಮೇಲಿನ ವಾರ್ಡುಗಳ ಮೂಟೆ ಇಳಿಯುವ ಹೊತ್ತು. ಅವನು ನೆಟ್ಟಗೆ ಮೆಟ್ಟಿಲಿಳಿದು ಲಾಂಡ್ರಿಯ ಕಡೆ ಹೊರಟ. ಬಾಗಿಲಲ್ಲಿದ್ದ ಕಾವಲಿನವನು ಕೈ ಅಡ್ಡ ಹಿಡಿದ. ಹನ್ನೊಂದು ವರ್ಷ ದಿನಾ ನಮಸ್ಕಾರ ಹೇಳಿಸಿಕೊಂಡವನು ಈಗ ಇವನ ಮುಖ ನೋಡಲಿಲ್ಲ. ಒಳಗೆ ಯಾರೋ ಬಟ್ಟೆಗಳನ್ನು ರಾಶಿರಾಶಿಯಾಗಿ ಬಾಚಿ ಮಷೀನಿಗೆ ತುರುಕುತ್ತಿದ್ದರು. ತಮ್ಮ ಕಾವಲಿನವನ ತೋಳಿನ ಮೇಲಿಂದ ಇಣುಕಿ ನೋಡಿದ. “ಅವರು ನೋಡ್ತಿಲ್ಲ. ಅಕ್ಕ, ಅವರು ನೋಡ್ತಾನೇ ಇಲ್ಲ” ಎನ್ನುತ್ತಾ ನಡುಗಲು ಶುರು ಮಾಡಿದ. ಮುಟ್ಟಿದರೆ ಅವನಿಗೆ ಆಗುವುದಿಲ್ಲ. ಅವನ ಪಕ್ಕದಲ್ಲಿ ನಡೆಯುತ್ತಾ ನಡೆಯುತ್ತಾ, ಮಾತಿನಲ್ಲೇ ಹೇಗೋ ಬಸ್ಸಿಗೆ ಹತ್ತಿಸಿದೆ.

ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಇಬ್ಬರೂ ಕೂತೆವು. ಅವನ ಕೈಗೆ ಒಂದು ಲೋಟ ನೀರು ಕೊಟ್ಟೆ. ಅವನು ಕುಡಿಯಲಿಲ್ಲ, ಹಿಡಿದುಕೊಂಡಿದ್ದ. ನನಗೆ ಅಳು ಉಕ್ಕಿ ಬಂತು. “ತಪ್ಪು ನಂದು ಕಣೋ” ಎಂದೆ. “ನಿನ್ನ ಕೆಲಸ ಉಳಿಸೋಕೆ ಹೋಗಿ ನಾನೇ ಕೈಯಾರೆ ಹಾಳು ಮಾಡಿದೆ. ನನ್ನ ಮೇಲೆ ಕೋಪ ಇದೆಯಾ?”

“ಇದೆ.”

ನಾನು ಅವನ ಮುಖ ನೋಡಿದೆ. ಅವನು ಲೋಟವನ್ನೇ ನೋಡುತ್ತಿದ್ದ.

“ಇದು ನೀನು ಹೇಳಿಕೊಟ್ಟಿದ್ದಲ್ಲ, ನಾನೇ ಹೇಳ್ತಿರೋದು” ಎಂದ. “ಕೆಲಸ ಹೋಯ್ತು ಅಂತ ಅಲ್ಲ. ಅವರು ಕೇಳಿದಾಗ ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಮೊದಲನೇದು ನಿಜ, ಮಿಕ್ಕ ಮೂರು ಸಲಾನೂ ಗೊತ್ತಿತ್ತು. ಇಲ್ಲ ಅನ್ಬೇಕು ಅಂತ ಬಾಯಿವರೆಗೂ ಬಂತು. ಇಲ್ಲ ಅಂದ್ರೆ ನೀನು ಮೇಜು ಕುಟ್ತೀಯಲ್ಲ ಅಂತ ಹೆದರಿಕೆ ಆಯ್ತು.”

ಅವನು ನೀರು ಕುಡಿದ, ಎದ್ದು ಲೋಟ ತೊಳೆದು ಬೋರಲು ಹಾಕಿದ. ನಾನು ಅಲ್ಲೇ ಕೂತಿದ್ದೆ.