ಕಂಬದ ಮೇಲಿನ ಕರಿ ಬುಟ್ಟಿ

ಮುಂಬಯಿಯಿಂದ ತಂತಿ ಬರುವ ತನಕ ತೂಫಾನು ಸತ್ತಿತೆಂದು ಯಾರೂ ಹೇಳಬಾರದು. ಇದು ನಮ್ಮ ಹಳೆ ಬಂದರಿನ ನಿಯಮ. ಐವತ್ತರ ದಶಕದ ಒಂದು ಮೇ ತಿಂಗಳಲ್ಲಿ ಒಬ್ಬನ ಹೊರತು ಎಲ್ಲರೂ ಅದನ್ನು ಮುರಿದರು. ತಡವಾಗಿ ಬಂದ ಜವಾನನನ್ನು ಬಾಗಿಲಲ್ಲೇ ನಿಲ್ಲಿಸುವ ಬಂದರು ಅಧಿಕಾರಿ ನಾನೂ ಮುರಿದೆ.

ಆ ತೂಫಾನಿಗೆ ಎತ್ತಿನ ಗಾಡಿಯಷ್ಟೂ ವೇಗವಿರಲಿಲ್ಲ. ತಂತಿ ಬಂದಾಗಲೆಲ್ಲ ನಾನು ನಕ್ಷೆಯಲ್ಲಿ ಪೆನ್ಸಿಲಿನ ಚುಕ್ಕೆ ಇಡುತ್ತಿದ್ದೆ. ಚುಕ್ಕೆಯ ಮೇಲೇ ಚುಕ್ಕೆ ಬೀಳುತ್ತಿತ್ತು. ಒಂದು ಬೆಳಿಗ್ಗೆ ತಂತಿ ಬರಲಿಲ್ಲ, ಬಿಸಿಲು ಬಂತು, ಬಾರೋಮೀಟರ್ ಏರಿತು. ಅಮೀನ್‌ದೀವಿ ದ್ವೀಪಕ್ಕೆ ಹೋಗಲು ಅಕ್ಕಿ ತುಂಬಿದ ಮಂಜಿ ಹಡಗು ದಕ್ಕೆಗೆ ಕಟ್ಟಿಕೊಂಡು ಕಾಯುತ್ತಿತ್ತು. ಅಪಾಯದ ಗುರುತಾದ ಕರಿ ಬುಟ್ಟಿ ಕಂಬದಿಂದ ಇಳಿಯದೆ ಅದು ಹೊರಡುವಂತಿರಲಿಲ್ಲ.

“ಎಂತ ಪಾಸ್ಕು, ಬಿಸಿಲು ಕಾಣುವುದಿಲ್ಲವಾ ಮಾರಾಯ?” ಮಂಜಿ ನಡೆಸುವ ತಂಡೇಲ ಬುಟ್ಟಿ ಕಾಯುವವನನ್ನು ಕೇಳಿದ. “ದ್ವೀಪದಲ್ಲಿ ಮಕ್ಕಳು ಅಕ್ಕಿಗೆ ಕಾಯ್ತಾ ಇದ್ದಾರೆ.”

“ಬಿಸಿಲು ಕಾಣ್ತದೆ. ತಂತಿ ಕಾಣುವುದಿಲ್ಲ.”

“ತೂಫಾನು ಸತ್ತಿದೆ, ಇಳಿಸು,” ಎಂದೆ ನಾನು, ನಕ್ಷೆ ತೋರಿಸಿ.

“ನನಗೂ ಹಾಗೇ ಕಾಣ್ತದೆ ಸಾರ್. ಆದರೂ ತಂತಿ ಬರಲಿ.”

ತಂತಿ ಮರುದಿನ ಬಂತು. ತೂಫಾನು ಮತ್ತೆ ಬಲಿತಿತ್ತು. ನನ್ನ ಮುಂದಿನ ಚುಕ್ಕೆ ಸರಿಯಾಗಿ ದ್ವೀಪದ ದಾರಿಯ ಮೇಲೆ ಬಿತ್ತು. ತೂಫಾನು ಅಲ್ಲೇ ಸುತ್ತಿ ಸುತ್ತಿ, ನಿಧಾನಕ್ಕೆ ಕರಗಿದ ಮೇಲೆ ಮಂಜಿ ಹೊರಟಿತು. ಆ ತಂಡೇಲ ಈಗಲೂ ದ್ವೀಪದಿಂದ ಬರುವಾಗ ಪಾಸ್ಕುವಿಗೆ ತೆಂಗಿನ ಬೆಲ್ಲ ತರುತ್ತಾನೆ. ನಾನು ಏನೂ ಕೊಟ್ಟಿಲ್ಲ. ಪಾಸ್ಕುವನ್ನು ಕಂಡರೆ ಟೋಪಿ ತೆಗೆಯುತ್ತೇನೆ, ಅಷ್ಟೇ.

ತಂತಿ ಬಾರದ ಅಂದು, ಬುಟ್ಟಿ ಇಳಿಸೆಂಬ ನಮ್ಮ ಗದ್ದಲ ಜೋರಾದಾಗ ಪಾಸ್ಕು ಬುಟ್ಟಿಯ ಹಗ್ಗದ ತುದಿಯನ್ನು ತನ್ನ ಸೊಂಟಕ್ಕೇ ಬಿಗಿದುಕೊಂಡು, ಕಂಬಕ್ಕೆ ಒರಗಿ ಕೂತು, ಗಂಜಿ ಉಣ್ಣತೊಡಗಿದ.