ಮುಯ್ಯಾಳು ಎತ್ತಿದ ಮಹಡಿ

ಹೊಸಕೋಟೆಯ ಮನೆ ಮಾರಿದ ಮೇಲೆ ತೆರಿಗೆಯ ಲೆಕ್ಕ ಹಾಕಿಸಲು ನಾನೂ ಹೆಂಡತಿಯೂ ಆಡಿಟರ್ ಬಳಿ ಹೋದೆವು. ಬಂದ ಹಣದಲ್ಲಿ ತ್ಯಾಮಗೊಂಡ್ಲು ಕಡೆ ಫಸಲಿಗೆ ಬಂದ ತೆಂಗಿನ ತೋಟವೊಂದನ್ನು ನೋಡಿಟ್ಟಿದ್ದೆವು. ಇನ್ನೊಂದು ಮನೆ ಕೊಂಡರೆ ರಿಯಾಯಿತಿಯಂತೆ, ತೋಟಕ್ಕಿಲ್ಲವಂತೆ. ತೆರಿಗೆ ಹೆಚ್ಚಾದರೆ ತೋಟ ಕೈತಪ್ಪುತ್ತದೆ.

ಆಡಿಟರ್ ನನಗಿಂತ ಚಿಕ್ಕವರು, ಬಿಡಿಸಿ ಹೇಳುವವರು. ಸುಣ್ಣಬಣ್ಣ, ನಲ್ಲಿ ರಿಪೇರಿ ಲೆಕ್ಕಕ್ಕಿಲ್ಲ; ಹೊಸದಾಗಿ ಕಟ್ಟಿದ ಮಹಡಿಯ ಖರ್ಚನ್ನು ಲಾಭದಲ್ಲಿ ಕಳೆಯಬಹುದು ಎಂದರು. ಸಿಮೆಂಟು, ಕಬ್ಬಿಣದ ಬಿಲ್ಲುಗಳನ್ನು ಮುಂದಿಟ್ಟೆ.

"ಕೂಲಿ ಎಷ್ಟಾಯ್ತು ಯಜಮಾನ್ರೇ?"

"ಒಂದ್ ರೂಪಾಯಿನೂ ಕೊಟ್ಟಿಲ್ಲ ಸಾರ್. ಎಲ್ಲಾ ಮುಯ್ಯಾಳು!" ಎಂದೆ, ಹೆಮ್ಮೆಯಿಂದ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗಾರೆ ಕೆಲಸ ಕಲಿತು, ಆಮೇಲೆ ಪಿಲ್ಲಗುಂಪೆಯ ಫ್ಯಾಕ್ಟರಿ ಸೇರಿದವನು. ರಾಗಿ ಕುಯ್ಲಿಗೆ ನೀನು ನನ್ನ ಹೊಲಕ್ಕೆ ಬಂದರೆ ನಾನು ನಿನ್ನ ಹೊಲಕ್ಕೆ, ದುಡ್ಡಿನ ಮಾತಿಲ್ಲ. ಊರಿನ ಈ ಮುಯ್ಯಾಳು ಪದ್ಧತಿಯನ್ನೇ ನಾವು ಫ್ಯಾಕ್ಟರಿಯ ಗೆಳೆಯರು ಮನೆ ಕಟ್ಟುವುದಕ್ಕೂ ತಂದಿದ್ದೆವು. ರಜೆ ದಿನ ನಾನು ಅವರ ಗೋಡೆ ಎಬ್ಬಿಸಿದೆ, ಅವರು ನನ್ನ ಮಹಡಿಗೆ ಕಾಂಕ್ರೀಟು ಹೊತ್ತರು. ಬಾಂಡಲಿ ಕೈಯಿಂದ ಕೈಗೆ ದಾಟುವಾಗ ಒಬ್ಬ ಕೂಗುತ್ತಿದ್ದ: "ಲೇ, ನಿಧಾನ ಕೊಡ್ಲಾ, ಬಿಸಿ ಮುದ್ದೆ ಅಲ್ಲ ಇದು!" ಪಕ್ಕದವನು ಬಿಡುತ್ತಿರಲಿಲ್ಲ: "ಮುದ್ದೆ ಆಗಿದ್ರೆ ನೀನು ಮುಂದಕ್ಕೆ ಕೊಡ್ತಿದ್ದೇನ್ಲಾ?"

ಆಡಿಟರ್ ಅಡ್ಡಡ್ಡ ತಲೆಯಾಡಿಸಿದರು. "ಕೊಡದೇ ಇರೋ ದುಡ್ಡು ಖರ್ಚು ಅನ್ನಿಸ್ಕೊಳಲ್ಲ. ಕೂಲಿ ಸೊನ್ನೆ ಆಗುತ್ತೆ." ದನಿ ತಗ್ಗಿಸಿ, "ಗೊತ್ತಿರೋ ಕಂಟ್ರಾಕ್ಟರ್ ಒಬ್ರಿದಾರೆ, ಬಿಲ್ ಹಾಕಿಸ್ತೀನಿ ಬಿಡಿ" ಎಂದರು.

"ಅವ್ರು ನಮ್ಮನೇನೇ ನೋಡಿಲ್ವಲ್ಲ ಸಾರ್?"

"ನೋಡೋದ್ಯಾಕೆ? ಬಿಲ್ಲಿಗೆ ಅವ್ರು, ಲೆಕ್ಕಕ್ಕೆ ನೀವು ಸೈನ್ ಹಾಕಿದ್ರೆ ಸಾಕು."

ಹೆಂಡತಿ ನನ್ನ ಕಡೆ ತಿರುಗಿದಳು. "ರೀ, ಅಷ್ಟ್ ಜನಕ್ಕೆ ಬೇಯಿಸಿ ಹಾಕಿದ್ದು ನಾನು. ಆ ಕಂಟ್ರಾಕ್ಟರಪ್ಪ ಯಾವತ್ತು ಬಂದು ಉಂಡ್ಹೋದ?"

"ಸೊನ್ನೇನೇ ಬರೀರಿ ಸಾರ್," ಎಂದೆ. "ನಾವು ಎತ್ತಿದ ಮಹಡೀನ ಇನ್ನೊಬ್ಬ ಎತ್ತಿದ ಅಂತ ನಾನು ಸೈನ್ ಹಾಕಲ್ಲ."

"ನಷ್ಟ ನಿಮಗೇನೇ."

"ನನಗೇ ಇರಲಿ."

ತೆರಿಗೆ ಪೂರ್ತಿ ಕಟ್ಟಿದೆ. ನೋಡಿಟ್ಟ ತೋಟ ಎಟುಕಲಿಲ್ಲ. ಅದರ ಪಕ್ಕದ ಬರೀ ನೆಲ ಕೊಂಡೆವು. ತೆಂಗಿನ ಸಸಿಗೆ ಗುಂಡಿ ತೆಗೆಯಲು ಗೆಳೆಯರು ಭಾನುವಾರ ಬರುತ್ತಾರೆ. ಇದಕ್ಕೂ ಕೂಲಿಯಿಲ್ಲ, ಬಿಲ್ಲಿಲ್ಲ. ನಾಳೆ ಯಾರಾದರೂ ಲೆಕ್ಕ ಕೇಳಿದರೆ ಇದನ್ನೂ ಮುಯ್ಯಾಳು ಎಂದೇ ಹೇಳುತ್ತೇನೆ.