ರೇಷ್ಮಾಗೆ ಬಂದ ಒಂದೇ ಮಾತು

ಇಪ್ಪತ್ತು ವರ್ಷ ನರ್ಸಾಗಿದ್ದವಳು ನಾನು. ವಾರ್ಡಿನಲ್ಲಿ ದೆವ್ವ, ಮಾಟ ಎಂದು ಯಾರಾದರೂ ಅಂದರೆ ಬಾಯಿ ಮುಚ್ಚಿಸುತ್ತಿದ್ದೆ. ಅವನ್ನು ಇಂದಿಗೂ ನಂಬುವುದಿಲ್ಲ. ಆದರೂ ಇದೊಂದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ಹೆದರಿಕೆಯಿಂದಲ್ಲ, ನಾಚಿಕೆಯಿಂದ.

ಎಂಬತ್ತರ ದಶಕದ ಆರಂಭ. ನಾನಿದ್ದ ಬೆಳಗಾವಿಯ ಆಸ್ಪತ್ರೆಗೆ ಖಾನಾಪುರದಿಂದ ಆರು ವರ್ಷದ ರೇಷ್ಮಾಳನ್ನು ತಂದರು. ಮೂರು ದಿನ ಜ್ವರ, ಆಮೇಲೆ ಫಿಟ್ಸ್, ಆಮೇಲೆ ಎಚ್ಚರವೇ ಇಲ್ಲ. ಮೆದುಳಿನ ಉರಿಯೂತ ಎಂದರು ಡಾಕ್ಟರು. ಬೆನ್ನಿನ ನೀರು ತೆಗೆದು ಪರೀಕ್ಷಿಸಿದರೂ ಕಾರಣ ತಿಳಿಯಲಿಲ್ಲ. ಗದ್ದೆಯ ಸೊಳ್ಳೆಯಿಂದ ಇರಬಹುದು ಎಂದಷ್ಟೇ ಹೇಳಿದರು. ತಾಯಿ ಹಸೀನಾ ಮಂಚದ ಕೆಳಗೇ ಮಲಗುತ್ತಿದ್ದಳು.

ಒಂಬತ್ತನೆಯ ದಿನ ಮಧ್ಯಾಹ್ನ, ಹಾಸಿಗೆ ಬದಲಿಸುವಾಗ ಮಗುವಿನ ಕಾಲು ಚಿವುಟಿ ನೋಡಿದೆ. ಅಲುಗಲಿಲ್ಲ. ನನಗೂ ಸಾಕಾಗಿತ್ತು. ಜೊತೆಗಿದ್ದ ನರ್ಸು ನಮ್ಮ ಮಂಗಳೂರಿನ ಕಡೆಯವಳೇ. ಹಸೀನಾಳಿಗೆ ತಿಳಿಯದಿರಲೆಂದು ತುಳುವಿನಲ್ಲಿ ಅಂದೆ: "ಈ ಬಾಲೆ ಪೋಂಡನೇ ಎಡ್ಡೆ." ಈ ಮಗು ಹೋಗಿಬಿಟ್ಟರೇ ಒಳ್ಳೆಯದು ಎಂದು. ನಾನೇನೋ ಸಮಾಧಾನ ಹೇಳಿದೆನೆಂದುಕೊಂಡು ಹಸೀನಾ ಕೈಮುಗಿದಳು.

ರೇಷ್ಮಾ ಬದುಕಿದಳು. ಬಲಗೈ ಸೋತಿತ್ತು, ಮಾತು ಹೋಗಿತ್ತು.

ಎರಡು ವರ್ಷದ ನಂತರ ಲಸಿಕೆ ಹಾಕಲು ಖಾನಾಪುರಕ್ಕೆ ಹೋದಾಗ ಹಸೀನಾ ಗುರುತು ಹಿಡಿದು ನನ್ನನ್ನು ಮನೆಗೆ ಎಳೆದೊಯ್ದಳು. "ಕುಂದರ್ರಿ ಬಾಯಾರ. ನಿಮ್ಮ ಕೈಗುಣದಿಂದ ಉಳದಾಳ್ರಿ. ಮಾತೊಂದ ಇಲ್ಲ ನೋಡ್ರಿ."

ಗೋಡೆಗೊರಗಿ ಕೂತಿದ್ದ ಹುಡುಗಿ ನನ್ನನ್ನೇ ದಿಟ್ಟಿಸಿದಳು. ಆಮೇಲೆ ಸ್ಪಷ್ಟವಾಗಿ, ನನ್ನದೇ ದಣಿದ ರಾಗದಲ್ಲಿ, "ಈ ಬಾಲೆ ಪೋಂಡನೇ ಎಡ್ಡೆ" ಎಂದಳು.

ಹಸೀನಾ ಚೀರಿ ಮಗಳನ್ನು ತಬ್ಬಿಕೊಂಡಳು. "ಯಾ ಅಲ್ಲಾ, ಮಾತಾಡಿದ್ಳು! ಏನಂದ್ಳ್ರಿ ಬಾಯಾರ? ನಮ್ಮ ಮಾತಲ್ಲ ಅದು."

"ನೀರು ಕೇಳ್ತಾ ಇದ್ದಾಳೆ" ಎಂದುಬಿಟ್ಟೆ.

ಹಸೀನಾ ಓಡಿಹೋಗಿ ತಂಬಿಗೆ ತಂದಳು. ಹುಡುಗಿ ನನ್ನ ಮೇಲಿಂದ ಕಣ್ಣು ತೆಗೆಯದೆ ಅಷ್ಟನ್ನೂ ಕುಡಿದಳು.

ಎಚ್ಚರ ತಪ್ಪಿದವರಿಗೂ ಕಿವಿ ಕೇಳಬಹುದು ಎಂದು ಡಾಕ್ಟರೊಬ್ಬರು ಮುಂದೊಮ್ಮೆ ಹೇಳಿದರು. ಆದರೆ ತನ್ನ ಭಾಷೆಯನ್ನೇ ಕಳೆದುಕೊಂಡ ಮಗು, ಗೊತ್ತಿಲ್ಲದ ಭಾಷೆಯ ಮಾತನ್ನು ಎರಡು ವರ್ಷ ಅಕ್ಷರ ತಪ್ಪದೆ ಇಟ್ಟುಕೊಂಡಿದ್ದು ಹೇಗೆ? ಆ ಮಾತಿನ ಅರ್ಥವನ್ನು ನಾನು ಅವರಿಗೂ ಹೇಳಲಿಲ್ಲ.

ಕೆಲವು ವರ್ಷಗಳ ಮೇಲೆ ಹಸೀನಾ ಬೆಳಗಾವಿಯ ಬಸ್ ನಿಲ್ದಾಣದಲ್ಲಿ ಸಿಕ್ಕಳು. "ಅಕಿಗೆ ಅದೊಂದ ಮಾತು ಬರ್ತೈತ್ರಿ. ದಿನಾ ಅಂತಾಳ. ಅಂದ ಕೂಡ್ಲೆ ನೀರು ಕೊಡ್ತೀನಿ. ಈಗ ನನಗೂ ಬರ್ತೈತ್ರಿ ನಿಮ್ಮ ಭಾಷಾ" ಎಂದು ನಗುತ್ತ ಅದನ್ನು ಅಂದು ತೋರಿಸಿದಳು. "ಬರೋಬ್ಬರಿ ಐತೇನ್ರಿ?"

ಸರಿಯಾಗಿದೆ ಎಂದು ತಲೆಯಾಡಿಸಿ, ನಾನು ಅನಗೋಳದ ಬಸ್ಸು ಹತ್ತಿದೆ.